ಹೊಂಗೆ ಬದುವಿನಲ್ಲಿ, ಎಥೆನಾಲ್ ಬಂಕಿನಲ್ಲಿ

ಬೀದರ್ ಜಿಲ್ಲೆಯ ಯಾವ ರಸ್ತೆ ಹಿಡಿದರೂ ಬೇವು, ಹುಣಸೆಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಂಗೆ ಸಿಕ್ಕೇ ಸಿಗುತ್ತದೆ. ಉತ್ತರ ಕರ್ನಾಟಕದ ಹಿರಿಯರಿಗೆ ಅದು ಹುಲಗಲ. ಗಡಿ ದಾಟಿ ಉದಗೀರಿನ ಕಡೆ ಹೋದರೆ ಕರಂಜ, ನಾರಾಯಣಖೇಡದ ಕಡೆ ಹೋದರೆ ಕಾನುಗ. ಬೇಸಿಗೆಯಲ್ಲಿ ಅದರ ಬುಡದ ತುಂಬ ಒಣಗಿದ ಕಾಯಿ ಬಿದ್ದಿರುತ್ತವೆ. ಚಪ್ಪಟೆ ಕಾಯಿ, ಒಳಗೆ ಒಂದೇ ಬೀಜ, ಅಪರೂಪಕ್ಕೆ ಎರಡು. ದನ ಮೂಸುವುದಿಲ್ಲ, ಮೇಕೆ ಮುಟ್ಟುವುದಿಲ್ಲ, ಮಂದಿ ಆರಿಸುವುದಿಲ್ಲ. ಔರಾದ್‌ಗೆ ಹೋಗುವ ಬಸ್ಸು, ಸೋಯಾ ಹೇರಿಕೊಂಡ ಟ್ರ್ಯಾಕ್ಟರು ಡೀಸೆಲ್ ಸುಡುತ್ತ ಅದರ ಮೇಲೆಯೇ ಹಾದುಹೋಗುತ್ತವೆ.

ಆ ಬೀಜದ ತೂಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು, ಒಳ್ಳೆಯ ಮರದ್ದಾದರೆ ಮೂರನೇ ಒಂದು ಭಾಗಕ್ಕೂ ಮೀರಿ ಎಣ್ಣೆಯಿದೆ. ಸೀಮೆಎಣ್ಣೆ ಬರುವ ಮೊದಲು ಹಳ್ಳಿಗಳಲ್ಲಿ ದೀಪ ಉರಿದದ್ದು ಇಂಥ ಎಣ್ಣೆಗಳಿಂದಲೇ. ಕಜ್ಜಿ ತುರಿಗೆ ಹಚ್ಚಿದ್ದು, ಬಂಡಿಯ ಗಾಲಿಗೆ ಸವರಿದ್ದು ಕೂಡ ಇದೇ. ಕಹಿ, ವಾಸನೆ, ತಿಂದರೆ ಹೊಟ್ಟೆಗೆ ಆಗದು. ಇಂಧನದ ದೃಷ್ಟಿಯಿಂದ ಅದೇ ಅದರ ಗುಣ. ಸೇಂಗಾ ಎಣ್ಣೆಯನ್ನು ಎಂಜಿನ್ನಿಗೆ ಸುರಿದರೆ ಬಾಣಲೆ ಬರಿದಾಗುತ್ತದೆ, ಹೊಂಗೆ ಎಣ್ಣೆ ಸುರಿದರೆ ಅಡುಗೆಮನೆಗೆ ಯಾವ ನಷ್ಟವೂ ಇಲ್ಲ. ಅಂದಹಾಗೆ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಓಡಿ ತೋರಿಸಿದ ಪುಟ್ಟ ಡೀಸೆಲ್ ಎಂಜಿನ್ನಿಗೆ ಹಾಕಿದ್ದು ಸೇಂಗಾ ಎಣ್ಣೆಯನ್ನೇ. ಗಿಡದೆಣ್ಣೆಯಲ್ಲಿ ಓಡಿದ ಯಂತ್ರವನ್ನು ಕಲ್ಲೆಣ್ಣೆಯ ಅಗ್ಗದ ದರ ತನ್ನ ಕಡೆ ಎಳೆದುಕೊಂಡಿತು.

ನೂರು ವರ್ಷದ ಮೇಲೆ ಕಲ್ಲೆಣ್ಣೆ ದುಬಾರಿಯಾದಾಗ ದಿಲ್ಲಿಗೆ ಗಿಡದೆಣ್ಣೆ ನೆನಪಾಯಿತು. 2002ರ ಡಿಸೆಂಬರ್ 31ರಂದು ದಿಲ್ಲಿ–ಅಮೃತಸರ ಶತಾಬ್ದಿ ರೈಲು ಶೇ 5ರಷ್ಟು ಬಯೋಡೀಸೆಲ್ ಬೆರೆಸಿದ ಇಂಧನದಲ್ಲಿ ಓಡಿತು. ಮರುವರ್ಷ ಯೋಜನಾ ಆಯೋಗದ ಸಮಿತಿ ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಜಟ್ರೋಫಾ ಬೆಳೆಸುವ ಲೆಕ್ಕ ಹಾಕಿತು. ನಮ್ಮಲ್ಲಿ ಬೇಲಿಗೆ ಹಾಕುವ ಕಾಡುಹರಳು ಅದು. ಬಂಜರಿನಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಬರುತ್ತದೆ ಎಂಬ ಮಾತು ನಿಜವಿತ್ತು. ಗಿಡ ಬಂತು, ಕಾಯಿ ಬರಲಿಲ್ಲ. ಲಂಡನ್ನಿನ ಡಿ1 ಆಯಿಲ್ಸ್ ಜೊತೆ ಜಟ್ರೋಫಾಕ್ಕೆ ಕೈ ಹಾಕಿದ್ದ ಬಿಪಿ ಕಂಪನಿಯೇ 2009ರಲ್ಲಿ ಹಿಂದೆ ಸರಿಯಿತು. ಬಂಜರಿನಲ್ಲಿ ಬದುಕುವ ಗಿಡ, ಬಂಜರಿನಲ್ಲಿ ಫಲ ಕೊಡುವ ಗಿಡ ಬೇರೆ ಬೇರೆ ಎಂದು ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ.

ಈ ವಿಷಯದಲ್ಲಿ ಕರ್ನಾಟಕ ತುಸು ಜಾಣತನ ತೋರಿತು ಎನ್ನಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಬಯಲುಸೀಮೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಕೊಳವೆಬಾವಿಯ ನೀರೆತ್ತಿಸಿದ್ದ ಅನುಭವ ರಾಜ್ಯದ ಬೆನ್ನಿಗಿತ್ತು. 2009ರಲ್ಲಿ ತನ್ನದೇ ಜೈವಿಕ ಇಂಧನ ನೀತಿ ತಂದ ರಾಜ್ಯ, ಒಂದೇ ಗಿಡಕ್ಕೆ ಜೋತುಬೀಳದೆ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಆರಿಸಿಕೊಂಡಿತು. ರೈತರ ಬದುಗಳಿಗೆ ‘ಬರಡು ಬಂಗಾರ’, ಅರಣ್ಯದ ಪಾಳುನೆಲಕ್ಕೆ ‘ಹಸಿರು ಹೊನ್ನು’. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಎದ್ದಿತು. ಜೈವಿಕ ಇಂಧನ ಮಂಡಳಿಯ ನೆರವಿನಿಂದ ಬೇರೆ ಬೇರೆ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಾಹಿತಿ, ಪ್ರಾತ್ಯಕ್ಷಿಕೆ ಕೇಂದ್ರಗಳು ತೆರೆದವು.

ಅಂಥ ಕೇಂದ್ರಗಳಲ್ಲಿ ಮಾಡಿ ತೋರಿಸುವ ಕೆಲಸ ನೋಡಲು ಸರಳ. ಗಾಣದಿಂದ ಬಂದ ಕಂದು ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಹಾಗೇ ಹಾಕಿದರೆ ನಿಧಾನಗತಿಯ ಹಳೆಯ ಪಂಪಿನ ಎಂಜಿನ್ನು ಹೇಗೋ ಸಹಿಸಿಕೊಳ್ಳುತ್ತದೆ, ಬಸ್ಸಿನ ಎಂಜಿನ್ನಿನ ನಳಿಕೆ ಕಟ್ಟುತ್ತದೆ. ಆದ್ದರಿಂದ ಎಣ್ಣೆಯನ್ನು 60 ಡಿಗ್ರಿಯಷ್ಟು ಕಾಯಿಸಿ, ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಬೆರೆಸಿ, ಒಂದೆರಡು ಗಂಟೆ ಕಲಕಿ ಬಿಡುತ್ತಾರೆ. ಕೆಳಗೆ ಗ್ಲಿಸರಿನ್ ಇಳಿಯುತ್ತದೆ, ಮೇಲೆ ತೆಳ್ಳಗಿನ ಬಯೋಡೀಸೆಲ್ ನಿಲ್ಲುತ್ತದೆ. ನೀರಿನಲ್ಲಿ ತೊಳೆದು ಒಣಗಿಸಿದರೆ ಆಯಿತು. ಬೀಜ ಹಳತಾಗಿದ್ದರೆ, ಮಳೆಗೆ ನೆನೆದಿದ್ದರೆ ಎಣ್ಣೆಯಲ್ಲಿ ಆಮ್ಲ ಹೆಚ್ಚಿ ಪಾತ್ರೆಯೆಲ್ಲ ಸಾಬೂನಾಗಿ ಕೂರುತ್ತದೆ. ಬಳಸುವ ಮೆಥನಾಲ್ ಕೂಡ ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ಬಂದದ್ದೇ ಎಂಬುದನ್ನೂ ಮರೆಯುವಂತಿಲ್ಲ.

ಎಣ್ಣೆ ಇದೆ, ವಿದ್ಯೆ ಇದೆ, ನೀತಿಯೂ ಇತ್ತು. ಹಾಗಾದರೆ ಬೀದರ್‌ನ ಬಸ್ಸು ಇನ್ನೂ ಯಾಕೆ ಹೊಂಗೆಯಲ್ಲಿ ಓಡುತ್ತಿಲ್ಲ? ಲೆಕ್ಕ ಹಾಕಿಯೇ ನೋಡೋಣ. ಬೀದರ್‌ನಿಂದ ಔರಾದ್‌ಗೆ ನಲವತ್ತು ಚಿಲ್ಲರೆ ಕಿಲೋಮೀಟರ್. ಬಸ್ಸು ಲೀಟರಿಗೆ ಐದು ಕಿಲೋಮೀಟರ್ ಓಡುತ್ತದೆಂದರೆ ಹೋಗಲು ಒಂಬತ್ತು ಲೀಟರ್ ಬೇಕು. ಸಣ್ಣ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ ನಾಲ್ಕು ಕೆ.ಜಿ. ಬೀಜ. ಅಂದರೆ ಒಂದು ಸಲ ಹೋಗುವುದಕ್ಕೆ 36 ಕೆ.ಜಿ. ಬೀಜ. ಹೊಂಗೆ ಮರಗಳಲ್ಲಿ ಕೆಲವು ವರ್ಷಕ್ಕೆ ಹತ್ತು ಕೆ.ಜಿ. ಕೊಟ್ಟರೆ ಕೆಲವು ಎಂಬತ್ತು ಮೀರುತ್ತವೆ. ಬೆಳೆದು ನಿಂತ ಒಂದು ಮರಕ್ಕೆ 36 ಹಿಡಿದರೆ ತಪ್ಪಲ್ಲ. ಹೋಗಲು ಒಂದು ಮರದ ಒಂದು ವರ್ಷದ ಫಸಲು, ಬರಲು ಇನ್ನೊಂದು ಮರದ್ದು.

ಕೇಳಿದೊಡನೆ ಇದು ಆಗದ ಮಾತು ಅನ್ನಿಸುತ್ತದೆ. ಅಷ್ಟು ಆಗದ್ದೇನಲ್ಲ. ದಿನಕ್ಕೆ ಹತ್ತು ಸಲ ಹೋಗಿ ಬರುವ ಬಸ್ಸುಗಳನ್ನು ವರ್ಷವಿಡೀ ಓಡಿಸಲು 7,300 ಮರ ಸಾಕು. ಎಕರೆ ಹೊಲದ ಬದುವಿಗೆ ಐದು ಮರ ಎಂದರೂ 1,500 ಎಕರೆಯ ಬದುಗಳಾದರೆ ಮುಗಿಯಿತು. ಔರಾದ್ ತಾಲ್ಲೂಕಿಗೆ ಅದೇನು ಮಹಾ! ಕಷ್ಟ ಇರುವುದು ಆ ಮರಗಳ ಕೆಳಗೆ. 7,300 ಮರಗಳೆಂದರೆ 263 ಟನ್ ಬೀಜ. ಕಾಯಿಯ ತೂಕದಲ್ಲಿ ಅರ್ಧ ಸಿಪ್ಪೆ, ಆದ್ದರಿಂದ ಬೇಸಿಗೆಯ ಮೂರು ತಿಂಗಳಲ್ಲಿ 500 ಟನ್ನಿಗೂ ಹೆಚ್ಚು ಕಾಯನ್ನು ಬಗ್ಗಿ ಬಗ್ಗಿ ಆರಿಸಿ, ಬಡಿದು, ಕೇರಬೇಕು. ಒಬ್ಬರು ದಿನಕ್ಕೆ ಇಪ್ಪತ್ತು ಕೆ.ಜಿ. ಬೀಜ ಮಾಡುತ್ತಾರೆ ಎಂದಿಟ್ಟುಕೊಂಡರೂ 13 ಸಾವಿರಕ್ಕೂ ಮಿಕ್ಕಿದ ಆಳು-ದಿನ ಬೇಕು. 2025–26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ ದಿನಕ್ಕೆ ₹370. ಆ ಕೂಲಿಯನ್ನೇ ಕೊಟ್ಟರೂ ಲೀಟರ್ ಎಣ್ಣೆಯ ಮೇಲೆ ಆರಿಸಿದ ಕೂಲಿಯೇ ₹74 ಬೀಳುತ್ತದೆ. ಸಾಗಣೆ, ಗಾಣ, ಮೆಥನಾಲ್, ಕರೆಂಟು, ವ್ಯಾಪಾರಿಯ ಲಾಭ ಇನ್ನೂ ಬಾಕಿ. 2025ರಲ್ಲಿ ಬಂಕಿನಲ್ಲಿ ಡೀಸೆಲ್ ಸಿಗುತ್ತಿದ್ದದ್ದು ₹90ರ ಆಸುಪಾಸಿಗೆ. ಅದರಲ್ಲೂ ಒಳ್ಳೆಯ ಪಾಲು ತೆರಿಗೆ.

ಕೊರತೆ ಬಿದ್ದದ್ದು ಮರಕ್ಕಲ್ಲ, ಕೈಗಳಿಗೆ. ಇದನ್ನು ದಿಲ್ಲಿಯ ಕಡತಗಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 2005ರ ಬಯೋಡೀಸೆಲ್ ಖರೀದಿ ನೀತಿಯಲ್ಲಿ ತೈಲ ಕಂಪನಿಗಳು ಲೀಟರಿಗೆ ಕೊಡಲು ಒಪ್ಪಿದ ಬೆಲೆ ₹26.50. ಆ ಕಾಲದ ಕೂಲಿಗೂ ಅದು ಕಟ್ಟುವ ಬೆಲೆಯಾಗಿರಲಿಲ್ಲ. ಇತ್ತ ಸಾಬೂನಿನವರು, ಚರ್ಮ ಹದ ಮಾಡುವವರು, ಕೀಟನಾಶಕ ತಯಾರಿಸುವವರು ಇದೇ ಎಣ್ಣೆಗೆ ಹೆಚ್ಚು ಕೊಡಬಲ್ಲರು. 2015ರಲ್ಲಿ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯವಾದ ಮೇಲೆ ಬೇವಿನ ಎಣ್ಣೆಗಂತೂ ಬೇಡಿಕೆ ಹೆಚ್ಚಿತು. ಸುಟ್ಟುಹಾಕಲು ಯಾರೂ ಕೊಳ್ಳದ ಬೆಲೆ ಅದಕ್ಕೆ. 2018ರ ರಾಷ್ಟ್ರೀಯ ನೀತಿ 2030ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಈವರೆಗೆ ಬೆರೆತದ್ದು ಶೇ 1ನ್ನೂ ಮುಟ್ಟಿಲ್ಲ.

ಗಿಡದ ಇಂಧನ ಸೋತಿತು ಎಂದು ಇಲ್ಲಿಗೆ ಕೈ ತೊಳೆದುಕೊಂಡರೆ ತಪ್ಪಾದೀತು. ಅದು ಗೆದ್ದಿದೆ. ಆದರೆ ಗೆದ್ದದ್ದು ಬೇರೆ ಗಿಡ, ಬೇರೆ ದಾರಿಯಲ್ಲಿ. ಬೀದರ್‌ನ ಯಾವುದೇ ಬಂಕಿನಲ್ಲಿ ಇವತ್ತು ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದರೆ ಅದರ ಐದನೇ ಒಂದು ಭಾಗ ಎಥೆನಾಲ್. 2013–14ರಲ್ಲಿ ಶೇ 1.5ರಷ್ಟಿದ್ದ ಬೆರಕೆ 2022ರ ಜೂನಿಗೆ ಶೇ 10 ತಲುಪಿತು, 2025ರಲ್ಲಿ ಶೇ 20. ಭಾಲ್ಕಿ ಕಡೆಯ ರೈತನಿಗೆ ಇದು ಪರಕೀಯ ಸುದ್ದಿಯಲ್ಲ. ಹುಂಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ, ಬಾಜೋಳಗಾದಲ್ಲಿ ಭಾಲ್ಕೇಶ್ವರ ಶುಗರ್ಸ್, ಬೀದರ್‌ನ ಮಗ್ಗುಲಲ್ಲಿ ನಾರಂಜಾ ಕಾರ್ಖಾನೆ. ಕಾರಂಜಾ ಜಲಾಶಯದ ನೀರು, ಮಾಂಜ್ರಾ ದಂಡೆಯ ಪಂಪು, ಸಾಲದೆ ಬಂದರೆ ಕೊಳವೆಬಾವಿ. ಇವುಗಳ ಬಲದ ಮೇಲೆ ಕಬ್ಬು. ಸಕ್ಕರೆಗೆ ಬೆಲೆ ಇಲ್ಲದ ವರ್ಷ ರೈತನ ಬಾಕಿ ಉಳಿಸಿಕೊಳ್ಳುತ್ತಿದ್ದ ಕಾರ್ಖಾನೆಗಳಿಗೆ ಎಥೆನಾಲ್ ಎಂದರೆ ದರ ಮೊದಲೇ ನಿಗದಿಯಾದ ಗಿರಾಕಿ ಸಿಕ್ಕಂತೆ. ರಸದಿಂದ ನೇರ ತಯಾರಿಸಿದ ಎಥೆನಾಲ್‌ಗೆ ಲೀಟರಿಗೆ ₹65.61. ಒಂದು ಟನ್ ಕಬ್ಬಿಗೆ ಸುಮಾರು 70 ಲೀಟರ್.

ಹೊಂಗೆಗಿಲ್ಲದ ಒಂದು ಅನುಕೂಲ ಕಬ್ಬಿಗಿದೆ. ಅದು ಒಂದೇ ಕಡೆ ಬೆಳೆಯುತ್ತದೆ, ಒಟ್ಟಿಗೆ ಕಟಾವಾಗುತ್ತದೆ, ಗ್ಯಾಂಗು ಬಂದು ಕಡಿದು ಗಾಡಿಗೆ ಹೇರುತ್ತದೆ, ಕಾರ್ಖಾನೆಯ ತಕ್ಕಡಿ ಕಾದಿರುತ್ತದೆ. ತೈಲ ಕಂಪನಿಗೆ ಬೇಕಾದದ್ದು ಅಂಥ ಸರಕು. ಊರೂರಿನ ಬದುವಿನಲ್ಲಿ ಹರಡಿಕೊಂಡ ಮರದ ಕಾಯಿಗೆ ಯಾವ ಟೆಂಡರೂ ಬರುವುದಿಲ್ಲ.

ಕಬ್ಬಿನ ಗೆಲುವಿಗೆ ತೆತ್ತದ್ದು ನೀರು. ನೀತಿ ಆಯೋಗದ 2021ರ ವರದಿಯ ಪ್ರಕಾರವೇ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಬೇಕಾದರೆ ಹೊಲದಿಂದ ಮೊದಲುಗೊಂಡು 2,860 ಲೀಟರ್ ನೀರು ಬೇಕು. ಇದರ ಅರ್ಥ ತಿಳಿಯಲು ಭಾಲ್ಕಿಯವರು ದೂರ ಹೋಗಬೇಕಿಲ್ಲ. ಬೀದರ್‌ಗೆ ಬರುವ ಮೊದಲು ಮಾಂಜ್ರಾ ಹರಿಯುವುದು ಲಾತೂರಿನಲ್ಲಿ. ಅದೂ ಕಬ್ಬಿನ ನಾಡು, ಕಾರ್ಖಾನೆಗಳ ನಾಡು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ನೀರು ಕೊಡುವ ಮಾಂಜ್ರಾ ಅಣೆಕಟ್ಟೆ ಒಣಗಿ, ಕುಡಿಯುವ ನೀರನ್ನು ಮೀರಜ್‌ನಿಂದ ರೈಲಿನಲ್ಲಿ ತರಿಸಬೇಕಾಯಿತು. ನದಿಯೊಂದೇ, ಬೆಳೆಯೊಂದೇ, ಮಳೆಯ ಸ್ವಭಾವವೂ ಬಹಳ ಬೇರೆಯಲ್ಲ. ನಡುವೆ ಇರುವುದು ರಾಜ್ಯದ ಗಡಿ.

ದಿಲ್ಲಿಗೂ ಇದರ ಚುರುಕು ತಾಗಿದ್ದುಂಟು. ಮಳೆ ಕೈಕೊಟ್ಟ 2023ರ ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಎಥೆನಾಲ್ ಮಾಡಕೂಡದೆಂದು ಆದೇಶ ಬಂತು. ವಾರದಲ್ಲಿ ಅದು ಸಡಿಲವಾಯಿತು, ಮುಂದಿನ ಆಗಸ್ಟ್‌ನಲ್ಲಿ ಪೂರ್ತಿ ತೆರವಾಯಿತು. ಎಥೆನಾಲ್ ನಂಬಿ ಸಾಲ ಎತ್ತಿ ಡಿಸ್ಟಿಲರಿ ಕಟ್ಟಿದವರು ಈ ಎಳೆದಾಟದಲ್ಲಿ ಸಿಕ್ಕಿಕೊಂಡರು. ಕಬ್ಬಿನ ಮೇಲಿನ ಭಾರ ಇಳಿಸಲು ಸರ್ಕಾರ ಆಮೇಲೆ ಮೆಕ್ಕೆಜೋಳದತ್ತ ಹೊರಳಿತು. ಅದರ ಎಥೆನಾಲ್‌ಗೆ ಲೀಟರಿಗೆ ₹71.86, ಎಲ್ಲಕ್ಕಿಂತ ಹೆಚ್ಚು. ಈ ಹೊರಳುವಿಕೆ ಔರಾದ್‌ನ ಸೋಯಾ ಹೊಲಕ್ಕೆ ಬಂದು ತಾಗಿದ ಬಗೆ ಬೀದರ್‌ನ ಮಾತುಕತೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅದೇ ಮುಖ್ಯ.

ಔರಾದ್, ಭಾಲ್ಕಿ ತಾಲ್ಲೂಕುಗಳ ಮುಂಗಾರು ಎಂದರೆ ಈಗ ಸೋಯಾ. ಹೆಸರು, ಉದ್ದು, ಜೋಳದ ಜಾಗವನ್ನು ಅದು ವರ್ಷ ವರ್ಷಕ್ಕೂ ಹಿಡಿಯುತ್ತ ಬಂದಿದೆ. ಸೋಯಾ ಕಾಳಿನಲ್ಲಿ ಎಣ್ಣೆ ಶೇ 18–20 ಮಾತ್ರ, ಉಳಿದದ್ದು ಬಹುಪಾಲು ಹಿಂಡಿ. ಕೋಳಿ, ದನ, ಮೀನಿನ ಮೇವಿಗೆ ಹೋಗುವ ಆ ಹಿಂಡಿಗೆ ಬೆಲೆ ಬಂದರೆ ಅಡತಿಯಲ್ಲಿ ಕಾಳಿಗೆ ಬೆಲೆ. ಮೆಕ್ಕೆಜೋಳ, ಅಕ್ಕಿಯಿಂದ ಎಥೆನಾಲ್ ತೆಗೆದ ಮೇಲೆ ಒಂದು ಒಣ ಚರಟ ಉಳಿಯುತ್ತದೆ. ಉದ್ಯಮದವರು ಅದನ್ನು ಡಿಡಿಜಿಎಸ್ ಎನ್ನುತ್ತಾರೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥೆನಾಲ್, ಜೊತೆಗೆ ಕಾಲು ಟನ್ನಿಗೂ ಮಿಕ್ಕು ಈ ಚರಟ. ಪ್ರೋಟೀನ್ ತುಂಬಿದ್ದು, ಸೋಯಾ ಹಿಂಡಿಗಿಂತ ಅಗ್ಗ. ದೇಶದ ಧಾನ್ಯ ಡಿಸ್ಟಿಲರಿಗಳು ಹೆಚ್ಚಿದಂತೆ ಮೇವಿನ ಕಾರ್ಖಾನೆಗಳು ಇದರ ಕಡೆ ತಿರುಗಿದವು, ಸೋಯಾ ಹಿಂಡಿಯ ಗಿರಾಕಿ ಕರಗಿತು.

2024ರ ಮುಂಗಾರಿನಲ್ಲಿ ಸೋಯಾಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ ₹4,892. ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಮಾರಿದವರೇ ಹೆಚ್ಚು. ಬ್ರೆಜಿಲ್, ಅರ್ಜೆಂಟೀನಾದ ಭರ್ಜರಿ ಫಸಲು, ಆಮದು ಎಣ್ಣೆ ಇವೆಲ್ಲ ಕಾರಣಗಳೇ. ಎಥೆನಾಲ್ ಒಂದರ ತಲೆಗೇ ಕಟ್ಟಿದರೆ ಅನ್ಯಾಯ. ಆದರೆ ಕಾರಣಗಳ ಸಾಲಿನಲ್ಲಿ ಅದೂ ಇತ್ತು. ಸೋಯಾ ಉದ್ಯಮದವರೇ ಬಾಯಿಬಿಟ್ಟು ದೂರಿದರು. ಒಂದೇ ಜಿಲ್ಲೆಯ ನೀರಾವರಿ ಕಬ್ಬಿನವನಿಗೆ ಎಥೆನಾಲ್ ಬಾಕಿ ತೀರಿಸುವ ಭರವಸೆ ಕೊಟ್ಟಿತು, ಮಳೆಯಾಶ್ರಿತ ಸೋಯಾದವನ ಧಾರಣೆಯನ್ನು ಹಿಂಬಾಗಿಲಿನಿಂದ ತಗ್ಗಿಸಿತು. ಎಥೆನಾಲ್‌ನಿಂದ ‘ಅನ್ನದಾತ ಊರ್ಜಾದಾತ’ ಆಗುತ್ತಾನೆ ಎಂಬ ಘೋಷಣೆ ಕೇಳಿದಾಗಲೆಲ್ಲ ಯಾವ ಅನ್ನದಾತ ಎಂದು ಕೇಳಬೇಕೆನಿಸುವುದು ಇದಕ್ಕೇ.

ನಡುವಿನ ದಾರಿಯೊಂದನ್ನು ನಮ್ಮ ಪಕ್ಕದಲ್ಲೇ ಹುಡುಕಿದವರಿದ್ದರು. ಹೈದರಾಬಾದ್‌ಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದಲ್ಲ, ಅಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ನೆರವಿನಿಂದ 2007ರಲ್ಲಿ ಸಂಗಾರೆಡ್ಡಿ ಹತ್ತಿರ ಸಿಹಿ ಜೋಳದಿಂದ ಎಥೆನಾಲ್ ತಯಾರಿಸುವ ಡಿಸ್ಟಿಲರಿ ಶುರುವಾಯಿತು. ಇದು ಅಂಗಡಿಯ ಸ್ವೀಟ್ ಕಾರ್ನ್ ಅಲ್ಲ. ದಂಟಿನಲ್ಲಿ ಕಬ್ಬಿನಂತೆ ಸಿಹಿ ರಸವಿರುವ ಜೋಳ. ತೆನೆ ರೊಟ್ಟಿಗೆ, ರಸ ಎಂಜಿನ್ನಿಗೆ, ಸಿಪ್ಪೆ ದನಕ್ಕೆ. ನಾಲ್ಕು ತಿಂಗಳ ಬೆಳೆ, ಕಬ್ಬಿಗಿಂತ ಬಹಳ ಕಡಿಮೆ ನೀರು. ಜೋಳ ಉಂಡು ಬೆಳೆದ ಬೀದರ್ ಸೀಮೆಗೆ ಇದಕ್ಕಿಂತ ಹೊಂದುವ ಇಂಧನದ ಬೆಳೆ ಇನ್ನೊಂದಿಲ್ಲ ಅನ್ನಿಸುವಷ್ಟು ಚೆಂದದ ಯೋಚನೆ. ಬಹುಕಾಲ ಬಾಳಲಿಲ್ಲ. ದಂಟು ಕೊಯ್ದ ಕೂಡಲೇ ಅರೆಯದಿದ್ದರೆ ರಸದ ಸಕ್ಕರೆ ಕೆಡುತ್ತದೆ, ಬೆಳೆ ಬರುವುದು ವರ್ಷದ ಕೆಲವೇ ವಾರ, ಉಳಿದ ದಿನ ಯಂತ್ರ ಖಾಲಿ.

ಹೊಂಗೆಯ ವಿಷಯದಲ್ಲೂ ಪಕ್ಕದ ರಾಜ್ಯದ ಒಂದು ಹಳ್ಳಿ ನೆನಪಾಗುತ್ತದೆ. ನಿಜಾಮರ ಕಾಲದಲ್ಲಿ ನಮ್ಮಂತೆಯೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಆದಿಲಾಬಾದ್‌ನ ಪವರ್‌ಗುಡ ಎಂಬ ಗೊಂಡರ ಹಾಡಿ. ಅಲ್ಲಿನ ಮಹಿಳಾ ಸಂಘಗಳು ಹೊಂಗೆ ಬೀಜ ಆರಿಸಿ ತಮ್ಮದೇ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದವು. ಆ ಎಣ್ಣೆ ಡೀಸೆಲ್ ಬದಲು ಉರಿದರೆ ಉಳಿಯುವ 147 ಟನ್ ಇಂಗಾಲದ ಡೈಆಕ್ಸೈಡ್‌ಗೆ 2003ರಲ್ಲಿ ವಿಶ್ವಬ್ಯಾಂಕ್ 645 ಡಾಲರ್ ಕೊಟ್ಟಿತು. ದೊಡ್ಡ ಸುದ್ದಿಯಾಯಿತು. ಮೊತ್ತ ಸಣ್ಣದೇ, ಆದರೂ ಆ ಹೆಂಗಸರ ಲೆಕ್ಕ ಸರಿಯಿತ್ತು: ಮಾರಿದ್ದು ಎಣ್ಣೆಯೊಂದನ್ನೇ ಅಲ್ಲ, ಹಿಂಡಿ ಹೊಲಕ್ಕೆ ಹೋಯಿತು, ಗಾಣದ ಕೂಲಿ ಊರಲ್ಲೇ ಉಳಿಯಿತು.

ನಮ್ಮ ಯೋಜನೆಗಳು ತಲೆಕೆಳಗಾದದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಹೊಂಗೆಯನ್ನು ಎಣ್ಣೆಯ ಬಾವಿಯೆಂದು ನೋಡಿ, ಹಿಂಡಿಯನ್ನು ಉಪ ಉತ್ಪನ್ನವೆಂದು ಕಡತದ ಅಡಿಗೆ ಬರೆದರು. ನಾಲ್ಕು ಕೆ.ಜಿ. ಬೀಜದಿಂದ ಒಂದು ಲೀಟರ್ ಎಣ್ಣೆ ಬಂದರೆ ಹಿಂಡಿ ಬರುವುದು ಹತ್ತಿರ ಮೂರು ಕೆ.ಜಿ. ಅದರಲ್ಲಿ ಸಾರಜನಕ ಸುಮಾರು ಶೇ 4. ಬೇರುಹುಳ, ಗೆದ್ದಲಿಗೂ ಅದು ಕಹಿ. ಯೂರಿಯಾ ಎಲ್ಲಿಂದ ಬರುತ್ತದೆ? ನೈಸರ್ಗಿಕ ಅನಿಲದಿಂದ, ಅದರಲ್ಲೂ ಹಡಗಿನಲ್ಲಿ ಬಂದ ಅನಿಲದಿಂದ. ಭಾಲ್ಕಿಯ ಕಬ್ಬಿನ ಗದ್ದೆಗೆ ಸುರಿಯುವ ಯೂರಿಯಾ ಮೂಟೆಯೂ ಒಂದು ಬಗೆಯ ಕಲ್ಲೆಣ್ಣೆಯೇ. 45 ಕೆ.ಜಿ.ಯ ಚೀಲ ರೈತನ ಕೈಗೆ ₹266.50ಕ್ಕೆ ಸಿಗುವುದು ಸರ್ಕಾರ ಉಳಿದ ಹಣ ತುಂಬುವುದರಿಂದ. ಹೊಂಗೆ ಹಿಂಡಿಗೆ ಹಾಗೆ ತುಂಬುವವರಿಲ್ಲ. ಬಸ್ಸಿನ ಟ್ಯಾಂಕಿನಲ್ಲಿ ಡೀಸೆಲ್ ಜೊತೆ ಹೊಡೆದಾಡಿ ಸೋಲುವ ಮರ ಗದ್ದೆಯಲ್ಲಿ ಯೂರಿಯಾ ಜೊತೆಗಾದರೂ ಸಮಕ್ಕೆ ನಿಂತೀತು, ತಕ್ಕಡಿ ನೆಟ್ಟಗಿದ್ದರೆ. ಎಣ್ಣೆ ಆಗ ಮೇಲಿನ ಲಾಭ. ಸಾಬೂನಿನವನು ಒಯ್ದರೂ ಸರಿ, ಊರಿನ ಪಂಪಿಗೆ ಹಾಕಿದರೂ ಸರಿ. ಪಂಪಿನ ಮಾತೂ ಈಗ ಅಷ್ಟು ಗಟ್ಟಿಯಲ್ಲ. ಕಗ್ಗನಹಳ್ಳಿಯ ಪ್ರಯೋಗದ ಕಾಲಕ್ಕೆ ಸೌರಫಲಕ ಕೈಗೆಟಕದ ವಸ್ತು. ಇವತ್ತು ನೀರೆತ್ತಲು ಬಿಸಿಲೇ ಸಾಕು. ಬೀದರ್‌ನಲ್ಲಿ ಬಿಸಿಲಿಗೇನು ಬರವೇ?

ಬೆಳೆಯ ಉಳಿಕೆಯ ಲೆಕ್ಕವೂ ಇದೆ. ತೊಗರಿ ಕಟ್ಟಿಗೆ ಹಿಂದೆ ಒಲೆಗೂ ತಟ್ಟಿಗೂ ಸಲ್ಲುತ್ತಿತ್ತು. ಗ್ಯಾಸ್ ಬಂದ ಮನೆಯವರ ಹೊಲದ ಅಂಚಿನಲ್ಲೇ ಅದೀಗ ಬೆಂಕಿ ಕಾಣುತ್ತದೆ. ಅದನ್ನು ಅರೆದು ಒತ್ತಿ ಉಂಡೆ ಕಟ್ಟಿದರೆ ಬಾಯ್ಲರಿಗೆ ಕಲ್ಲಿದ್ದಲ ಬದಲಾಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್ ಮಡ್‌ನಿಂದ ಅನಿಲ ತೆಗೆದು ವಾಹನಕ್ಕೆ ತುಂಬಬಹುದು. 25 ಟನ್ನಿಗೆ ಒಂದು ಟನ್ ಅನಿಲ ಸಿಗುತ್ತದೆ, ಉಳಿದ ಮಣ್ಣು ಗೊಬ್ಬರವಾಗಿ ಹೊಲಕ್ಕೇ ಮರಳುತ್ತದೆ. ಹೊಸದಾಗಿ ಒಂದು ಎಕರೆ ನೆಲ, ಒಂದು ಹನಿ ನೀರು ಕೇಳದ ಇಂಧನಗಳಿವು. ಹೊಸ ಕಬ್ಬಿಗೆ ಸಾಲ ಕೊಡುವ ಮೊದಲು ಇವುಗಳನ್ನು ನೋಡಬೇಕಿತ್ತು.

ಹೊಂಗೆ ಕಾಯಿ ಉದುರುವುದು ಔರಾದ್‌ನಲ್ಲಿ ಕೆಲಸವೇ ಇಲ್ಲದ ತಿಂಗಳುಗಳಲ್ಲಿ. ತೊಗರಿ, ಕಡಲೆ ರಾಶಿ ಮುಗಿದಿರುತ್ತದೆ, ಮುಂಗಾರು ಇನ್ನೂ ದೂರ. ಹೈದರಾಬಾದ್, ಪುಣೆಯ ಕಟ್ಟಡಗಳ ಕಡೆ ಮಂದಿ ಗುಳೆ ಹೊರಡುವ ಹೊತ್ತು ಅದು. ಉದ್ಯೋಗ ಖಾತ್ರಿಯಲ್ಲಿ ಹೊಂಗೆ ಸಸಿಗೆ ಗುಂಡಿ ತೋಡಿದವರಿಗೆ ಕೂಲಿ ಸಿಕ್ಕಿತು, ನೆಟ್ಟವರಿಗೆ ಸಿಕ್ಕಿತು, ನೀರು ಹಾಕಿದವರಿಗೂ ಸಿಕ್ಕಿತು. ಹತ್ತು ವರ್ಷ ಬಿಟ್ಟು ಅದೇ ಮರದ ಕಾಯಿ ಆರಿಸಲು ಬಗ್ಗುವವಳಿಗೆ ಕೂಲಿ ಕೊಡುವ ಕಲಂ ಮಾತ್ರ ಅದರಲ್ಲಿ ಇರಲಿಲ್ಲ.